ಪದ್ಮಿನಿ ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ದಿನಾ ಓಡಿಸಲು ಹಳೇ ಪ್ರೀಮಿಯರ್ ಪದ್ಮಿನಿ ಕಾರು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಹೊಸದಾಗಿ ಬಣ್ಣ ಹೊಡೆದ, ಒಳಗೆಲ್ಲಾ ಹೊಸ ಸೀಟು, ಹೊಸ ಕಾರ್ಪೆಟ್ ಹಾಕಿದ ಗಾಡಿಯ ಫೋಟೋ ಪುಣೆ ಕಡೆಯಿಂದ ನಿಮ್ಮ ಮೊಬೈಲಿಗೆ ಬಂದಿದ್ದರೆ, ಟೋಕನ್ ಕಳಿಸುವ ಮುಂಚೆ ಓದಿ. ನಾನು 2,60,000 ರೂಪಾಯಿ ಕೊಟ್ಟು ತಂದ ಗಾಡಿ ಇವತ್ತು ಕುರ್ಲಾದ ಒಂದು ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿದೆ. ಎರಡೂ ಕಡೆ ಬಾಗಿಲ ಕೆಳಗಿನ ತಗಡು ಕತ್ತರಿಸಿ ತೆಗೆದಿದ್ದಾರೆ. ರಸ್ತೆಗೆ ಇಳಿಸಲು ಕಾಗದವೂ ಇಲ್ಲ.

ಪದ್ಮಿನಿಯೇ ಯಾಕೆ ಅಂತ ಮುಂಬೈಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಕಾಳಿ-ಪೀಲಿ, ಅಂದರೆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಕ್ಯಾರಿಯರ್ ಮೇಲೆ ಟ್ರಂಕು ಕಟ್ಟಿಸಿ, ಸಯನ್‌ನಲ್ಲಿ ಮಂಗಳೂರು ಬಸ್ ಹಿಡಿಯುತ್ತಿದ್ದೆವು. ಅಪ್ಪ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಪಕ್ಕ, ನಾವೆಲ್ಲ ಹಿಂದೆ. ಇಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿ ಆದದ್ದು 2003ರ ಅಕ್ಟೋಬರ್ 29ಕ್ಕೆ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಮುಂಬೈ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿಯೇ ಇಲ್ಲ. ಆ ಸುದ್ದಿ ಓದಿದ ದಿನವೇ ಒಂದು ಕೊಳ್ಳಬೇಕು ಅಂತ ನಿರ್ಧಾರ ಮಾಡಿದೆ. ಶೋಗೆ ಇಡಲು ಅಲ್ಲ. ಮುಲುಂಡಿನಿಂದ ವಿಕ್ರೋಳಿಯ ಆಫೀಸಿಗೆ ದಿನಾ ಹೋಗಿ ಬರಲು.

ಆಗ ಮಾಟುಂಗದಲ್ಲಿ ಪರಿಚಯದ ಒಬ್ಬ ಭಟ್ರ ಹತ್ತಿರ 1986ರ ಗಾಡಿ ಇತ್ತು. ಭಟ್ರಿಗೆ 70 ದಾಟಿದೆ, ಆಗಲೂ ಅದರಲ್ಲೇ ತರಕಾರಿಗೆ, ದೇವಸ್ಥಾನಕ್ಕೆ, ಮಗಳ ಮನೆಗೆ ಹೋಗುತ್ತಿದ್ದರು. ಬಾನೆಟ್ ಬಣ್ಣ ಬಿಸಿಲಿಗೆ ಸುಣ್ಣದ ಹಾಗೆ ಮಾಸಿದೆ. ಒಂದು ಬಾಗಿಲು ಮಾತ್ರ ಬೇರೆ ನೀಲಿ. "ನಿಂಗೆ ಬೇಕಾದ್ರೆ ಇದನ್ನೇ ತಗೊಳ್ಳೋ ಮಾರಾಯ, ಒಂದು ಲಕ್ಷ ಹತ್ತು ಸಾವಿರ ಕೊಡು, ಕಣ್ಣು ಕಾಣೋದು ಕಮ್ಮಿ ಆಗಿದೆ ನಂಗೆ" ಅಂದರು. ನಾನು ಬೇಡ ಅಂದೆ. ನೋಡಲು ಚೆನ್ನಾಗಿಲ್ಲ ಅನ್ನುವುದೊಂದೇ ಕಾರಣ. ಈ ಇಡೀ ಕಥೆಯಲ್ಲಿ ನನಗೆ ಅತಿ ಜಾಸ್ತಿ ನೋವಾಗುವುದು ಇದೇ ಜಾಗದಲ್ಲಿ.

ಒಂದು ವರ್ಷ ಹುಡುಕಿದ ಮೇಲೆ ಪುಣೆಯ ಒಬ್ಬ ವ್ಯಾಪಾರಿ ಸಿಕ್ಕಿದರು. ಹಳೇ ಗಾಡಿ ರಿಪೇರಿ ಮಾಡಿ ಮಾರುವವರು. ಬೆಳಗಾವಿ ಕಡೆಯವರು, ಫೋನಿನಲ್ಲಿ ಕನ್ನಡ ಕೇಳಿದ ತಕ್ಷಣ ನನಗೆ ಅರ್ಧ ನಂಬಿಕೆ ಬಂದುಬಿಟ್ಟಿತ್ತು. "ಸರ್ರ, ಗಾಡಿ ಭಾಳ ಛಲೋ ಐತ್ರಿ. ನಮ್ಮೋರಿಗೆ ಸುಳ್ಳ ಹೇಳಿ ನಾ ಏನ್ ಮಾಡ್ಲಿ, ಕಣ್ ಮುಚ್ಚಿ ತಗೋರಿ." 2025ರ ಜನವರಿಯಲ್ಲಿ ಭಾವನನ್ನು ಕರೆದುಕೊಂಡು ಹೋದೆ. 1984ರ ಮಾಡೆಲ್, ಕಡು ಹಸಿರು, ಮುಖ ಕಾಣುವಷ್ಟು ಹೊಳಪು. ನಾವು ಹೋಗುವಾಗಲೇ ಎಂಜಿನ್ ಬಿಸಿ ಇತ್ತು, "ನಿಮಗಂತ ಈಗ ತೊಳೆದು ಒಂದ್ ಸುತ್ತ ಹೊಡ್ಕೊಂಡ್ ಬಂದೇನ್ರಿ" ಅಂದರು. ಬಿಸಿ ಎಂಜಿನ್ ಯಾವುದಾದರೂ ಸುಲಭಕ್ಕೆ ಸ್ಟಾರ್ಟ್ ಆಗುತ್ತದೆ, ಹೊಗೆಯೂ ಕಮ್ಮಿ. ತಣ್ಣಗಿರುವಾಗ ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಬೇಕು ಅಂತ ಗೊತ್ತಿದ್ದೂ ಸುಮ್ನೆ ಇದ್ದೆ. ಜಾಕ್ ಕೇಳಿದಾಗ ಗ್ಯಾರೇಜಿನಲ್ಲಿದೆ ಅಂದರು. ಬಟ್ಟೆ ಕೊಳೆ ಆಗುತ್ತದೆ ಅಂತ ಕೆಳಗೆ ಮಲಗಿ ನೋಡಲೂ ಇಲ್ಲ.

ಅವತ್ತೇ ಹಣ ಹಾಕಿ, ಹಳೇ ಹೆದ್ದಾರಿಯಲ್ಲಿ ಮುಂಬೈಗೆ ಹೊರಟೆವು. ಲೋಣಾವಳ ತನಕ ನಿಜಕ್ಕೂ ಸ್ವರ್ಗ. ಸ್ಟೀರಿಂಗ್ ಪಕ್ಕದ ಗೇರು, ಕಿಟಕಿಯ ಮೂಲೆಯ ಸಣ್ಣ ತ್ರಿಕೋನ ಗಾಜು ತಿರುಗಿಸಿದರೆ ಎದೆಗೇ ಬಡಿಯುವ ಗಾಳಿ, ಟೋಲಿನಲ್ಲಿ ನಿಂತಾಗ ಪಕ್ಕದ ಲಾರಿಯವನು ಇಳಿದು ಬಂದು ಬಾನೆಟ್ ಮುಟ್ಟಿ ನೋಡಿದ. ಆಮೇಲೆ ಖಂಡಾಲಾ ಘಾಟಿ ಇಳಿಯಲು ಶುರು ಮಾಡಿದೆವು. ಈ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಡಿಸ್ಕ್ ಇಲ್ಲ, ಪೆಡಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ. ಬ್ರೇಕ್ ಎಣ್ಣೆಯ ಸಾಲು ಒಂದೇ. ಇವತ್ತಿನ ಕಾರಿನ ಹಾಗೆ ಎರಡು ಬೇರೆ ಬೇರೆ ಸಾಲು ಇಲ್ಲ, ಎಲ್ಲಾದರೂ ಒಂದು ಕಡೆ ಕೈಕೊಟ್ಟರೆ ನಾಲ್ಕೂ ಹೋದ ಹಾಗೆ. ಶಿಂಗ್ರೋಬಾ ಗುಡಿ ದಾಟಿ ಎರಡನೇ ತಿರುವಿನಲ್ಲಿ ಪೆಡಲ್ ಒತ್ತಿದೆ, ಅದು ಮೆತ್ತಗೆ ನೆಲದ ತನಕ ಹೋಯಿತು. ಗಾಡಿ ನಿಧಾನ ಆಗಲೇ ಇಲ್ಲ. ಮುಂದೆ ಸಿಲಿಂಡರ್ ತುಂಬಿದ ಟೆಂಪೋ. ಪೆಡಲನ್ನು ಮೂರು ನಾಲ್ಕು ಸಲ ಪಟಪಟ ಒತ್ತಿ, ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಾಕಿ, ಎಡಗಡೆ ಕಲ್ಲಿನ ಗೋಡೆಗೆ ಚಕ್ರ ಉಜ್ಜಿಸಿ ನಿಲ್ಲಿಸಿದೆ. ಭಾವನ ಕೈಯಲ್ಲಿದ್ದ ನೀರಿನ ಬಾಟಲಿ ಅಪ್ಪಚ್ಚಿ ಆಗಿತ್ತು, ಅಷ್ಟು ಗಟ್ಟಿಯಾಗಿ ಹಿಡಿದಿದ್ದರು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಮನೆಯಲ್ಲಿ ಇವತ್ತಿಗೂ ಅಕ್ಕನಿಗೆ ಇದನ್ನು ಪೂರ್ತಿ ಹೇಳಿಲ್ಲ.

ಕುರ್ಲಾದ ಗ್ಯಾರೇಜಿನ ಮೆಕ್ಯಾನಿಕ್ ಉಸ್ತಾದ್ ಬ್ರೇಕ್ ಎಣ್ಣೆ ಇಳಿಸಿದಾಗ ಅದು ಕಾಫಿ ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಅದರಲ್ಲಿ ನೀರು ಸೇರಿ, ಘಾಟಿ ಇಳಿಯುವಾಗ ಡ್ರಮ್ ಕಾದಾಗ ಒಳಗೇ ಕುದಿಯುತ್ತದೆ, ಆವಿ ತುಂಬಿದ ಪೈಪಿನಲ್ಲಿ ಒತ್ತಡ ಹುಟ್ಟುವುದಿಲ್ಲ. ಜೊತೆಗೆ ಹಿಂದಿನ ಒಂದು ವೀಲ್ ಸಿಲಿಂಡರಿನ ರಬ್ಬರು ಸೋರಿ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದಿತ್ತು. ಒಟ್ಟು ಬ್ರೇಕ್ ಕೆಲಸಕ್ಕೆ 11,000 ಆಯಿತು. ಅಷ್ಟು ದುಡ್ಡು ಉಳಿಸಲು ಆ ಮನುಷ್ಯ ನಮ್ಮಿಬ್ಬರನ್ನು ಆ ಘಾಟಿಗೆ ಕಳಿಸಿದ, ಬಣ್ಣಕ್ಕೆ ಮಾತ್ರ ಅದಕ್ಕಿಂತ ಎಷ್ಟೋ ಪಟ್ಟು ಸುರಿದಿದ್ದ. ಇದನ್ನು ನಾನು ಕ್ಷಮಿಸುವುದಿಲ್ಲ.

ಬ್ರೇಕ್ ಸರಿ ಆದ ಮೇಲೆ ನಾಲ್ಕು ತಿಂಗಳು ಚೆನ್ನಾಗಿ ಓಡಿಸಿದೆ, ಅದನ್ನೂ ಹೇಳಬೇಕು. 1089 ಸಿಸಿ ಎಂಜಿನ್, ಇವತ್ತಿನ ಟ್ರಾಫಿಕ್ಕಿಗೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಎಲ್‌ಬಿಎಸ್ ಮಾರ್ಗದ ಜಾಮ್‌ನಲ್ಲಿ ಎರಡು ಸಲ ನಿಂತಿತು, ಎಂಜಿನ್ ಪಕ್ಕದ ಪೆಟ್ರೋಲ್ ಪಂಪ್ ಬಿಸಿಯಾಗಿ ಒಳಗಿನ ಪೆಟ್ರೋಲ್ ಆವಿ ಆಗುವ ಹಳೇ ಕಾಯಿಲೆ. ಟ್ಯಾಕ್ಸಿಯವರು ಮಾಡುತ್ತಿದ್ದ ಹಾಗೆ ಪಂಪಿನ ಮೇಲೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ಕಾದರೆ ಹೊರಡುತ್ತದೆ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ತಡೆಯುವುದಿಲ್ಲ, ಅವನ್ನೆಲ್ಲ ಎಥನಾಲ್ ತಡೆಯುವ ಮಾಲಿಗೆ ಬದಲಾಯಿಸಿಕೊಳ್ಳಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಆದ್ದರಿಂದ ವಾರಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ಒಳಗೇ ತುಕ್ಕು. ದಿನಾ ಓಡಿಸುವವರಿಗೆ ಈ ತೊಂದರೆ ಕಮ್ಮಿ.

ಜೂನ್ ಬಂತು. ಮೊದಲ ಮಳೆಗೆ ಕಾಲಡಿಯ ಕಾರ್ಪೆಟ್ ಒದ್ದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸೋರುತ್ತಿರಬೇಕು ಅಂದುಕೊಂಡೆ. ಎರಡನೇ ವಾರ ಕಿಂಗ್ಸ್ ಸರ್ಕಲ್ ಹತ್ತಿರ ಅರ್ಧ ಅಡಿ ನೀರಿನಲ್ಲಿ ಹೋದಾಗ ಚಪ್ಪಲಿ ತೇಲಿತು. ಉಸ್ತಾದ್ ಗಾಡಿ ಎತ್ತಿ, ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರು. ಮುಂದೆ ಒಂದು ಗೇಣು ಟಣ್ ಟಣ್, ಆಮೇಲೆ ಹಿಂದಿನ ಚಕ್ರದ ತನಕ ದಬ್ ದಬ್. ತುದಿ ಒತ್ತಿದರೆ ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು. ಮೇಲೆ ಹಸಿರು ಬಣ್ಣ, ಅದರ ಕೆಳಗೆ ಬೆರಳು ದಪ್ಪದ ಪುಟ್ಟಿ, ಅದರ ಕೆಳಗೆ ರಿವೆಟ್ ಹೊಡೆದ ತೆಳ್ಳಗಿನ ತಗಡು. ಆ ತಗಡನ್ನು ತಿರುಗಿಸಿ ನೋಡಿದರೆ ಒಳಮೈಯಲ್ಲಿ ಸೂರ್ಯಕಾಂತಿ ಹೂವಿನ ಚಿತ್ರ. ಅಡುಗೆ ಎಣ್ಣೆ ಡಬ್ಬ ಕತ್ತರಿಸಿ ಹಾಕಿದ್ದರು. ಅದರ ಹಿಂದೆ ಇರಬೇಕಾದ ಕಬ್ಬಿಣ ಇರಲೇ ಇಲ್ಲ, ಕಂದು ಪುಡಿ ಮುಷ್ಟಿಗಟ್ಟಲೆ ಉದುರಿತು.

ಇದು ಬರೀ ನೋಟದ ವಿಷಯ ಅಲ್ಲ, ದಯವಿಟ್ಟು ಗಮನ ಕೊಡಿ. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಆ ಪೆಟ್ಟಿಗೆಯಂಥ ಪಟ್ಟಿ ಮತ್ತು ನೆಲದ ತಗಡೇ ಗಾಡಿಯ ಭಾರ ಹೊರುವುದು. ಅದು ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಅಪಘಾತ ಆದರೆ ಕಾಪಾಡಲು ಏನೂ ಇಲ್ಲ. ಮನೆಯ ಫ್ರಿಜ್ ಮೇಲಿನ ಒಂದು ಸಣ್ಣ ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಕಬ್ಬಿಣ ಇದ್ದಲ್ಲಿ ಹಿಡಿಯುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಬಿದ್ದುಹೋಗುತ್ತದೆ. ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಜಾಕ್ ಕೊಡುವ ಜಾಗ, ಇಷ್ಟೂ ನೋಡಿ. ಆದರೆ ನನ್ನ ಗಾಡಿಯ ಎಣ್ಣೆ ಡಬ್ಬಕ್ಕೂ ಅಯಸ್ಕಾಂತ ಹಿಡಿಯುತ್ತಿತ್ತೋ ಏನೋ, ಆದ್ದರಿಂದ ತಟ್ಟಿಯೂ ನೋಡಿ. ಕಾರ್ಪೆಟ್ ಎತ್ತಲು ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿ, ಲಟಲಟ ಅಂದರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಆಧಾರವಾದ ಗೂಟ) ಸವೆದಿರಬಹುದು. ಅದಕ್ಕೆ ಆಗಾಗ ಗ್ರೀಸ್ ಹೊಡೆಯಬೇಕು, ಶೋಕಿಗೆ ಇಟ್ಟ ಗಾಡಿಯಲ್ಲಿ ಯಾರೂ ಹೊಡೆದಿರುವುದಿಲ್ಲ.

ಇನ್ನು ಕಾಗದ. ಆರ್‌ಸಿ 2025ರ ಸೆಪ್ಟೆಂಬರ್ ತನಕ ಇತ್ತು, ಅದನ್ನು ನೋಡಿಯೇ ಕೊಂಡಿದ್ದೆ. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ದೆಹಲಿಯ ಹಾಗೆ ವಯಸ್ಸಾಯಿತು ಅಂತ ಇಲ್ಲಿ ಖಾಸಗಿ ಗಾಡಿಯನ್ನು ರಸ್ತೆಯಿಂದ ಎಬ್ಬಿಸುವುದಿಲ್ಲ, ಫಿಟ್ ಇದ್ದರೆ ಸಾಕು. ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ಆಗಿತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ತಡ ಮಾಡಿದರೆ ತಿಂಗಳಿಗೆ 500 ಬೇರೆ, ಇಲ್ಲಿನ ಪರಿಸರ ತೆರಿಗೆ ಬೇರೆ. ನನಗೆ ಶುಲ್ಕದ ಚಿಂತೆ ಇರಲಿಲ್ಲ. ನವೀಕರಣಕ್ಕೆ ಹೋದಾಗ ಆರ್‌ಟಿಓ ಇನ್‌ಸ್ಪೆಕ್ಟರ್ ಎಂಜಿನ್ ಮೇಲಿನ ಎಣ್ಣೆ ಜಿಡ್ಡು ಒರೆಸಿ ನಂಬರು ಓದಿದರು, ಆರ್‌ಸಿಯಲ್ಲಿ ಇದ್ದ ನಂಬರೇ ಬೇರೆ. ಯಾವುದೋ ಹಳೇ ಟ್ಯಾಕ್ಸಿಯ ಎಂಜಿನ್ ಕೂರಿಸಿ, ಆರ್‌ಟಿಓದಲ್ಲಿ ದಾಖಲೆ ಮಾಡಿಸದೆ ಮಾರಿದ್ದಾರೆ. ಆ ಎಂಜಿನ್ ಎಲ್ಲಿಂದ ಬಂತು ಅಂತ ಬಿಲ್ಲು ತೋರಿಸಿ ಅನ್ನುತ್ತಾರೆ. ವ್ಯಾಪಾರಿ ಈಗ ನನ್ನ ಫೋನ್ ಎತ್ತುವುದಿಲ್ಲ. ಹಣ ಕೊಡುವ ಮುಂಚೆ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ನೋಡಿ, ಆಮೇಲೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ, ಟಾರ್ಚು ಹಿಡಿದು ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ನಿಮ್ಮ ಕಣ್ಣಿನಲ್ಲೇ ಓದಿ ಮೂಲ ಆರ್‌ಸಿ ಜೊತೆ ತಾಳೆ ನೋಡಿ. ಎರಡು ನಿಮಿಷದ ಕೆಲಸ.

50 ವರ್ಷ ದಾಟಿದ ಗಾಡಿ ನೋಡುತ್ತಿರುವವರಿಗೆ ಒಂದು ಮಾತು. "ವಿಂಟೇಜ್ ಅಂತ ಮಾಡಿಸಿಬಿಡಿ, ತಲೆನೋವಿಲ್ಲ" ಅಂತ ಹೇಳುವವರು ಸಿಗುತ್ತಾರೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ, ಆದರೆ ಆ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಆಫೀಸಿಗೆ ಹೋಗಬೇಕು ಅಂತಿದ್ದರೆ ಮಾಮೂಲಿ ನೋಂದಣಿಯಲ್ಲೇ ಇಡಿ.

ನಾನು ಗಾಡಿಯನ್ನು ಗುಜರಿಗೆ ಹಾಕುತ್ತಿಲ್ಲ. ತಗಡಿನ ಕೆಲಸಕ್ಕೆ ಉಸ್ತಾದ್ 1,40,000 ಹೇಳಿದ್ದಾರೆ, ಸರಿಯಾದ ದಪ್ಪದ ತಗಡು ಬಗ್ಗಿಸಿ ವೆಲ್ಡ್ ಮಾಡುತ್ತಾರೆ. ಈ ಗ್ಯಾರೇಜು ಇರುವುದು ಕುರ್ಲಾದಲ್ಲಿ, ಪದ್ಮಿನಿ ತಯಾರಾಗುತ್ತಿದ್ದ ಕಾರ್ಖಾನೆ ಇದ್ದ ಊರು, ಪಕ್ಕದ ರಸ್ತೆಗೆ ಇವತ್ತಿಗೂ ಪ್ರೀಮಿಯರ್ ರೋಡ್ ಅಂತಲೇ ಹೆಸರು. ಭಟ್ರ ಗಾಡಿಯನ್ನು ಹೋದ ತಿಂಗಳು ಅದೇ ಜಾಕ್ ಮೇಲೆ ಎತ್ತಿ ನೋಡಿದೆ. ಅವರು ಕಾರ್ಪೆಟ್ ಹಾಕಿಲ್ಲ, ರಬ್ಬರ್ ಮ್ಯಾಟ್ ಮಾತ್ರ, ಮಳೆಗಾಲದಲ್ಲಿ ಅದನ್ನೂ ಎತ್ತಿ ಒಣಗಿಸುತ್ತಾರೆ. ಪ್ರತಿ ಮೇ ತಿಂಗಳು ಅಡಿಗೆ ಹಳೇ ಎಂಜಿನ್ ಎಣ್ಣೆ ಬಳಿಸುತ್ತಾರೆ. ಉಸ್ತಾದ್ ಉದ್ದಕ್ಕೂ ತಟ್ಟಿದರು, ಮುಂದಿನಿಂದ ಹಿಂದಿನ ತನಕ ಟಣ್ ಟಣ್. ಗ್ರೀಸ್ ಹೊಡೆದ ದಿನಾಂಕಗಳೆಲ್ಲ 1991ರಿಂದ ಒಂದು ಡೈರಿಯಲ್ಲಿ ಬರೆದಿದೆ. ಆ ಗಾಡಿಯನ್ನು ಈಗ ಅವರ ಅಳಿಯ ತಗೊಂಡಿದ್ದಾರೆ.

ಪುಣೆಯ ಆ ವ್ಯಾಪಾರಿ ಮತ್ತೆ ಒಂದು ಗಾಡಿ ಮಾರಾಟಕ್ಕೆ ಇಟ್ಟಿದ್ದಾರೆ. ಕೆನೆ ಬಣ್ಣ, ಕೆಂಪು ಸೀಟು, 3,20,000 ಕೇಳುತ್ತಿದ್ದಾರೆ. ಹದಿನಾಲ್ಕು ಫೋಟೋ ಇದೆ, ಅಡಿಯ ಫೋಟೋ ಒಂದೂ ಇಲ್ಲ. ನೋಡಲು ಹೋಗುವವರು ಜಾಕ್ ನಿಮ್ಮದೇ ಒಯ್ಯಿರಿ.