ಕಾಲು ಮುರಿದ ಬೆಕ್ಕಿನ ಮರಿ ಸಾಕೋಕೆ ಕೊಡುವವರ ಬಗ್ಗೆ

ಬೆಂಗಳೂರಿನ ಯಶವಂತಪುರ, ಮಲ್ಲೇಶ್ವರ ಕಡೆ ಬೀದಿ ಬೆಕ್ಕುಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಗುಂಪಿದೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ವಿಳಾಸ ಗೊತ್ತಾದರೆ ಸಾಕು, ಜನ ರಾತ್ರೋರಾತ್ರಿ ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಮರಿಗಳನ್ನು ಬಿಟ್ಟು ಹೋಗುತ್ತಾರಂತೆ. ಆದರೂ ಬರೆಯಲೇಬೇಕು ಅನ್ನಿಸಿತು, ಯಾಕಂದ್ರೆ ಗಾಯ ಆಗಿರೋ ಮರಿ ಅಂದರೆ ಹಿಂದೇಟು ಹಾಕುವವರೇ ಜಾಸ್ತಿ.

ಇವರು ಹೇಳೋದು ಇಷ್ಟೇ. ಮರಿ ವಾಸಿಯಾಗುವ ತನಕ ಫಾಸ್ಟರ್ ಮಾಡಿ, ಅಂದರೆ ಸದ್ಯಕ್ಕೆ ನಿಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳಿ, ದತ್ತು ತಗೊಳ್ಳೋದು ಬಿಡೋದು ಆಮೇಲೆ ನೋಡೋಣ. ಔಷಧಿ, ಎಕ್ಸ್‌ರೇ, ಡಾಕ್ಟರ್ ಫೀಸು ಅವರದು. ಜಾಗ, ಊಟ, ಆರೈಕೆ ನಮ್ಮದು.

ನಮಗೆ ಸಿಕ್ಕಿದ್ದು ಬೂದು ಪಟ್ಟೆಯ ಹೆಣ್ಣು ಮರಿ. ಬೈಕಿಗೆ ಸಿಕ್ಕಿ ತೊಡೆ ಮೂಳೆ ಮುರಿದಿತ್ತು, ಒಳಗೆ ಪಿನ್ ಹಾಕಿದ್ದರು. ಜೊತೆಗೆ ಮಡಚುವ ಕೇಜು, ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಕೋನ್, ಸೂಜಿ ಇಲ್ಲದ ಸಿರಿಂಜು, ಒಂದು ಹಳೆ ಟವೆಲ್ ಕೊಟ್ಟರು. ಟವೆಲ್ ಔಷಧಿ ಕುಡಿಸೋಕೆ. ತಲೆ ಮಾತ್ರ ಹೊರಗಿರುವ ಹಾಗೆ ಮರಿಯನ್ನು ಸುತ್ತಬೇಕು, ಸಿರಿಂಜನ್ನು ಎದುರಿನಿಂದ ಹಾಕದೆ ಬಾಯಿಯ ಪಕ್ಕದಿಂದ ತೂರಿಸಬೇಕು, ಒಂದು ಹನಿ ಬಿಟ್ಟು ಅದು ನುಂಗಿದ್ದನ್ನು ನೋಡಿಯೇ ಮುಂದಿನ ಹನಿ ಬಿಡಬೇಕು. ಜೋರಾಗಿ ಒತ್ತಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಗುಂಪಿನಿಂದ ಬಂದಿದ್ದ ಅಕ್ಕ ನಮ್ಮ ಕೈಯಲ್ಲೇ ಮಾಡಿಸಿ, ಸರಿಯಾಯಿತು ಅನ್ನಿಸಿದ ಮೇಲೇ ಹೊರಟರು. ಇಷ್ಟು ತಾಳ್ಮೆ ಯಾರಿಗಿರುತ್ತೆ?

ಇನ್ನೊಂದು ಮಾತು ಒತ್ತಿ ಒತ್ತಿ ಹೇಳಿದರು, ನೀವೂ ನೆನಪಿಡಿ. ನೋವಿದೆ ಅಂತ ಮನೆಯಲ್ಲಿರೋ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆಯಿಂದಲೂ ಜೀವ ಹೋಗಬಹುದು. ಹಸುವಿನ ಹಾಲೂ ಬೇಡ, ಭೇದಿ ಹಿಡಿಯುತ್ತೆ. ಹೊಲಿಗೆ ಒಣಗುವ ತನಕ ಮರಿ ಕಕ್ಕಸು ಮಾಡೋ ಟ್ರೇಗೆ ಲಿಟರ್ ಮರಳಿನ ಬದಲು ಹರಿದ ಪೇಪರ್ ಹಾಕಿ. ಆಗಾಗ ತೂಕ ನೋಡಿ, ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಕಡಿಮೆ ಅಂದರೂ ಎರಡು ವಾರ ಬೇರೆ ರೂಮಿನಲ್ಲೇ ಇಡಿ.

ಕಷ್ಟ ಅಂದರೆ ಕೇಜಿನದು. ಮೂಳೆ ಕೂಡುವುದಕ್ಕೆ ಮೊದಲೇ ಮರಿಗೆ ಹುಷಾರಾಗಿ, ಆಡಬೇಕು ಅಂತ ಕಂಬಿ ಹಿಡಿದು ಕೂಗುತ್ತೆ. ಅಮ್ಮನಿಗೆ ಕರುಳು ಚುರುಕ್ ಅಂತಿತ್ತು. "ಪಾಪ, ಒಂದು ಗಳಿಗೆ ಬಿಡೇ" ಅನ್ನೋರು. ಕೊನೆಗೆ ಆ ಅಕ್ಕನೇ ಫೋನಲ್ಲಿ ಸಮಾಧಾನ ಮಾಡಿದರು. "ಅಮ್ಮಾ, ಎಕ್ಸ್‌ರೇಲಿ ಮೂಳೆ ಕೂಡಿದೆ ಅಂತ ಬರ್ಲಿ. ಈಗ ಸೋಫಾ ಮೇಲಿಂದ ಹಾರಿದ್ರೆ ಪಿನ್ ಜರುಗುತ್ತೆ."

ವಾಸಿಯಾದ ಮೇಲೆ ದತ್ತು ತಗೊಂಡೆವು. ಸುಮ್ನೆ ಕೊಡಲ್ಲ. ಮನೆಗೆ ಬಂದು ನೋಡಿದರು, ಬಾಲ್ಕನಿಗೆ ಗಟ್ಟಿ ನೆಟ್ ಹಾಕಿಸಿ ಅಂದರು, ಐದಾರು ತಿಂಗಳಾದಾಗ ಮರಿ ಆಗದ ಹಾಗೆ ಆಪರೇಷನ್ ಮಾಡಿಸುತ್ತೇವೆ ಅಂತ ಬರೆಸಿಕೊಂಡರು. ಲಸಿಕೆ ಕಾರ್ಡ್ ಕೊಟ್ಟು, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ ಅಂದರು. ಕೆಲವರಿಗೆ ಇದೆಲ್ಲ ಅತಿ ಅನ್ನಿಸಬಹುದು. ನನಗಂತೂ ಇವರ ಮೇಲೆ ನಂಬಿಕೆ ಬಂದಿದ್ದೇ ಇದರಿಂದ. ಮೂರನೇ ಮಹಡಿಯಿಂದ ಬಿದ್ದ ಬೆಕ್ಕುಗಳನ್ನು ಎತ್ತಿಕೊಂಡು ಬಂದವರು ನೆಟ್ ಕೇಳದೆ ಇರುತ್ತಾರಾ?

ಕೊರತೆ ಎರಡು. ರಾತ್ರಿ ಹೊತ್ತು ಫೋನ್ ಎತ್ತಲ್ಲ. ಹಾಗಾಗಿ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು, ಔಷಧಿ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಮರಿ ನೋಡಿಕೊಳ್ಳುವುದು ಅಮ್ಮ, ಅವರಿಗೆ ಇಂಗ್ಲಿಷ್ ಬರಲ್ಲ. ಎಷ್ಟು ಹನಿ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯಾ ಆಮೇಲಾ ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಅದರ ಒಂದು ಕಾಪಿ ಅವರಿಗೂ ಕೊಟ್ಟಿದ್ದೇನೆ, ಮುಂದಿನ ಮರಿಯ ಜೊತೆ ಕನ್ನಡ ಚೀಟಿಯನ್ನೂ ಕೊಡ್ತೀವಿ ಅಂದಿದ್ದಾರೆ.