14416ಕ್ಕೆ ಫೋನ್ ಮಾಡಿದರೆ ಏನಾಗುತ್ತದೆ? ಟೆಲಿ ಮಾನಸ್ ಬಗ್ಗೆ ನನ್ನ ಅನಿಸಿಕೆ

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, ನಂಬರ್ 14416 ಅನ್ನೋದು ಈಗ ತುಂಬಾ ಜನಕ್ಕೆ ಗೊತ್ತು. ಆದರೆ ಫೋನ್ ಮಾಡಿದರೆ ಆ ಕಡೆಯವರು ಏನು ಕೇಳುತ್ತಾರೆ, ಆಮೇಲೆ ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಿರುವುದಿಲ್ಲ, ಅದಕ್ಕೇ ಹಿಂಜರಿಯುತ್ತಾರೆ. ನಮ್ಮ ಅಕ್ಕನಿಗೋಸ್ಕರ ನಾವು ಈ ಸೇವೆ ಬಳಸಿದೆವು. ಅವಳನ್ನು ಕೇಳಿ, ಅವಳು ಬರಿ ಅಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂಲ ವಿಷಯ. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು ಶುರು ಮಾಡಿತು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡ ಆರಿಸಿಕೊಂಡರೆ ಕನ್ನಡದಲ್ಲೇ ಮಾತು.

ಅಕ್ಕ ಯಾವತ್ತೂ "ನಂಗೆ ದುಃಖ ಆಗ್ತಿದೆ" ಅಂದವಳಲ್ಲ. ತಲೆ ಭಾರ, ಬೆನ್ನು ನೋವು, ಊಟ ರುಚಿಸಲ್ಲ, ಬೆಳಗಿನ ಜಾವ ಎಚ್ಚರ ಆದರೆ ಮತ್ತೆ ನಿದ್ದೆ ಬರಲ್ಲ, ಇಷ್ಟೇ ಹೇಳುತ್ತಿದ್ದಳು. ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂದರು, ಇನ್ನೊಂದು ಕಡೆ ಶಕ್ತಿಗೆ ಅಂತ ಮಾತ್ರೆ ಕೊಟ್ಟರು, ಮನಸ್ಸಿನ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳ ಬಟ್ಟೆ ಅಳತೆ ಚೀಟಿ ಸಮೇತ ಕವರಿನಲ್ಲೇ ಮಷೀನ್ ಪಕ್ಕ ರಾಶಿ ಬಿದ್ದಿತ್ತು, ಯಾರಾದರೂ ಬಂದು ಕೇಳಿದರೆ ನಾಳೆ ಕೊಡ್ತೀನಿ ಅಂತ ಕಳಿಸಿ ಒಳಗೆ ಹೋಗಿ ಮಲಗುತ್ತಿದ್ದಳು. ಹೊಲಿಗೆ ಅಂದರೆ ಊಟ ಬಿಟ್ಟು ಕೂರುತ್ತಿದ್ದವಳು ಅವಳು. ಮನೆಯಲ್ಲಿ ಇದಕ್ಕೆ ಸೋಮಾರಿತನ ಅಂತ ಹೆಸರಿಟ್ಟರು.

ಕೊನೆಗೆ ಟೆಲಿ ಮಾನಸ್‌ಗೆ ಫೋನ್ ಮಾಡಿದೆವು. ಫೋನ್ ತೆಗೆದ ಆಪ್ತಸಮಾಲೋಚಕರು ಕೇಳಿದ ಪ್ರಶ್ನೆಗಳು ಅವಳ ತೊಂದರೆಗೆ ಸರಿಯಾಗಿ ಹೊಂದಿದವು. ಎರಡು ವಾರದಿಂದ ಹೆಚ್ಚುಕಮ್ಮಿ ದಿನಾ ಹೀಗೇ ಇದೆಯಾ? ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ ಬೇಡ ಅನ್ಸುತ್ತಾ? ನಿದ್ದೆ, ಹಸಿವು, ಸುಸ್ತು ಹೇಗಿದೆ? ನನ್ನಿಂದ ಯಾರಿಗೂ ಉಪಯೋಗ ಇಲ್ಲ ಅನ್ಸುತ್ತಾ? ಡಿಪ್ರೆಶನ್ ಗುರುತಿಸಲು ಡಾಕ್ಟರುಗಳು ನೋಡುವುದೂ ಇದನ್ನೇ. ಒಂದೆರಡು ದಿನದ ಬೇಜಾರಲ್ಲ, ಎರಡು ವಾರ ಬಿಡದೆ ಇದ್ದು ಕೆಲಸ, ಊಟ, ನಿದ್ದೆ ಎಲ್ಲವನ್ನೂ ಕೆಡಿಸಿದರೆ ಅದನ್ನು ಕಾಯಿಲೆ ಅಂತಲೇ ನೋಡಬೇಕು. ಆಮೇಲೆ ನೇರವಾಗಿ, "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ ಅಮ್ಮಾ?" ಅಂತ ಕೇಳಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ" ಅಂದಳು. ಪಕ್ಕದಲ್ಲೇ ಕೂತಿದ್ದ ನಮಗೆ ಅದು ಗೊತ್ತೇ ಇರಲಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಫೋನಿನ ಕೆಲಸ ಇಷ್ಟಕ್ಕೆ ಮುಗಿಯಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ ಅಂತ ದಾರಿ ತೋರಿಸಿದರು. ಅಲ್ಲಿ ಡಾಕ್ಟರು ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಇವು ಕಮ್ಮಿಯಾದರೂ ಇದೇ ಥರ ಸುಸ್ತು, ಬೇಜಾರು ಬರುತ್ತದೆ. ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಅತಿ ಹುರುಪು ಬಂದಿತ್ತಾ ಅಂತಲೂ ಕೇಳಿದರು. ಈ ಪ್ರಶ್ನೆ ತುಂಬಾ ಮುಖ್ಯ, ಬೈಪೋಲಾರ್, ಅಂದರೆ ಕೆಲವು ಕಾಲ ಅತಿ ಹುರುಪು, ಕೆಲವು ಕಾಲ ಖಿನ್ನತೆ ಬರುವ ಕಾಯಿಲೆ ಇದ್ದವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ತೊಂದರೆ ಜಾಸ್ತಿಯಾಗಬಹುದು. ಖಿನ್ನತೆ ಸೌಮ್ಯವಾಗಿದ್ದರೆ ಎಷ್ಟೋ ಸಲ ಥೆರಪಿ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆ ಒಂದೇ ಸಾಕು, ತೀವ್ರವಾಗಿದ್ದರೆ ಮಾತ್ರೆ, ಥೆರಪಿ ಎರಡೂ ಬೇಕಾಗುತ್ತದೆ ಅಂತ ಬಿಡಿಸಿ ಹೇಳಿ ಇವಳಿಗೆ ಎರಡನ್ನೂ ಬರೆದರು. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಹುಷಾರಾದ ಮೇಲೂ ಆರು ತಿಂಗಳಾದರೂ ತಗೋಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಅಂತ ಎಚ್ಚರಿಸಿದರು.

ಥೆರಪಿ ಸಿಗುವುದೇ ಕಷ್ಟದ ಭಾಗ. ಹತ್ತಿರ ಇದೆ ಅಂತ ಮೊದಲು ಹೋದ ಖಾಸಗಿ ಕೌನ್ಸೆಲಿಂಗ್ ಸೆಂಟರ್‌ನಲ್ಲಿ ಒಂದು ಗಂಟೆ ಬರೀ ಉಪದೇಶ. ಪಾಸಿಟಿವ್ ಆಗಿ ಯೋಚಿಸಿ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ, ಆಮೇಲೆ ಪ್ಯಾಕೇಜ್ ದುಡ್ಡು ಒಟ್ಟಿಗೆ ಕಟ್ಟಿ. ಅಕ್ಕ ಹೊರಗೆ ಬಂದವಳೇ "ನಂಗೆ ಧೈರ್ಯ ಇಲ್ಲ ಅಂತ ನಂಗೇ ಗೊತ್ತಲ್ಲ" ಅಂದಳು. ನೊಂದವರನ್ನು ಕೂರಿಸಿಕೊಂಡು ಹೀಗೆ ಮಾತಾಡುವುದನ್ನು ಥೆರಪಿ ಅಂತ ಕರೆಯುವುದು ತಪ್ಪು.

ಆಮೇಲೆ ಸಿಕ್ಕವರು ಕ್ಲಿನಿಕಲ್ ಸೈಕಾಲಜಿಸ್ಟ್. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದ್ದವರು. ನೀವೂ ಹೋಗುವ ಮುಂಚೆ ಇದನ್ನು ಧಾರಾಳವಾಗಿ ಕೇಳಿ. ಅವರು ಉಪದೇಶ ಮಾಡಲೇ ಇಲ್ಲ. ಒಂದು ನೋಟ್‌ಬುಕ್ ಕೊಟ್ಟು, ದಿನದಲ್ಲಿ ಮಾಡಿದ ಕೆಲಸ, ಆಗ ಮನಸ್ಸು ಹೇಗಿತ್ತು ಅನ್ನೋದಕ್ಕೆ ಹತ್ತರಲ್ಲಿ ಎಷ್ಟು, ಇಷ್ಟು ಮಾತ್ರ ಬರೆಯಿರಿ ಅಂದರು. ಮೊದಲ ಮನೆಗೆಲಸ ಇಡೀ ಬ್ಲೌಸ್ ಹೊಲಿಯುವುದಲ್ಲ, ಬೆಳಿಗ್ಗೆ ಕಾಫಿ ಆದ ಮೇಲೆ ಒಂದು ಬ್ಲೌಸಿಗೆ ಹುಕ್ಸ್ ಹಾಕುವುದು, ಅಷ್ಟೇ. ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯಬೇಡಿ, ಚಿಕ್ಕದಾಗಿ ಶುರು ಮಾಡಿ, ಮನಸ್ಸು ಹಿಂದಿನಿಂದ ಬರುತ್ತೆ ಅಂದರು. ಇದಕ್ಕೆ ಬಿಹೇವಿಯರಲ್ ಆಕ್ಟಿವೇಷನ್ ಅಂತಾರೆ, ಡಿಪ್ರೆಶನ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಅಧ್ಯಯನಗಳಲ್ಲಿ ಕಂಡ ವಿಧಾನ. ಆ ಪುಸ್ತಕದಲ್ಲಿ ಹುಕ್ಸ್ ಎದುರು 2 ಇದ್ದದ್ದು ನಿಧಾನವಾಗಿ 4 ಆಯಿತು. ಒಂದು ದಿನ ಮತ್ತೆ 1. ಅದೂ ಇರಲಿ ಅಂದರು. ಆಮೇಲೆ "ನಾನು ಮನೆಗೆ ಭಾರ" ಅನ್ನೋ ಯೋಚನೆಗೆ ಬಂದರು. ಅದು ನಿಜವಾ, ಯಾವುದರಿಂದ ಹಾಗನಿಸಿತು ಅಂತ ಅಕ್ಕನ ಕೈಯಲ್ಲೇ ಬರೆಸಿ ಪರೀಕ್ಷೆ ಮಾಡಿಸುತ್ತಿದ್ದರು. ಇದು ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಿಸಲು ಕಲಿಸುವ ಥೆರಪಿ, ಸಾಮಾನ್ಯವಾಗಿ 12ರಿಂದ 20 ಸೆಷನ್ ಆಗುತ್ತದೆ. ಕೆಲವು ಭೇಟಿ ಕಳೆದರೂ ಏನೂ ಬದಲಾವಣೆ ಕಾಣದಿದ್ದರೆ ಅವರಿಗೇ ಹೇಳಿ, ವಿಧಾನ ಬದಲಿಸಬಹುದು, ಥೆರಪಿಸ್ಟನ್ನೂ ಬದಲಿಸಬಹುದು.

ಹಾಗಾದರೆ ಟೆಲಿ ಮಾನಸ್ ಹೇಗೆ? ವಾರಾವಾರ ಕೂತು ಮಾಡುವ ಥೆರಪಿಯ ಜಾಗ ಇದು ತುಂಬುವುದಿಲ್ಲ, ಆ ನಿರೀಕ್ಷೆ ಇಟ್ಟುಕೊಂಡು ಫೋನ್ ಮಾಡಬೇಡಿ. ಆದರೆ ಆಗಿರೋ ತೊಂದರೆ ಏನು, ಯಾರ ಹತ್ತಿರ ಹೋಗಬೇಕು ಅನ್ನೋ ಗೊಂದಲದಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ನನಗೆ ಗೊತ್ತಿಲ್ಲ. ಕಾಯಿಲೆಯವರು ಮಾತಾಡಲು ಒಪ್ಪದಿದ್ದರೆ ಮನೆಯವರೇ ಫೋನ್ ಮಾಡಿ ಕೇಳಬಹುದು. ಸಾಯುವ ಯೋಚನೆ ಗಟ್ಟಿಯಾಗಿದೆ ಅಂತ ಅನಿಸಿದರೆ ಮಾತ್ರ ಬರೀ ಫೋನ್ ನಂಬಿಕೊಂಡು ಕೂರಬೇಡಿ, ಅವರನ್ನು ಒಬ್ಬರನ್ನೇ ಬಿಡದೆ ತಕ್ಷಣ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.