ಬೆಳಗ್ಗೆ ಏಳೂವರೆಯ ದರ್ಶಿನಿ: ಬಹುಕಾಲದ ಗಿರಾಕಿಯೊಬ್ಬಳ ಅನುಭವ

ಜಯನಗರದ ಕಡೆಯ ಒಂದು ದರ್ಶಿನಿಯಲ್ಲಿ, ಅಂದರೆ ನಿಂತು ತಿನ್ನುವ ಹೋಟೆಲಿನಲ್ಲಿ, 2009ರಿಂದ ತಿಂಡಿ ತಿನ್ನುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನವಂತೂ ತಪ್ಪುವುದಿಲ್ಲ. ಹೊಗಳಿಕೆಯ ಜೊತೆ ದೂರೂ ಇರುವುದರಿಂದ ಹೋಟೆಲಿನ ಹೆಸರು ಹಾಕುತ್ತಿಲ್ಲ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥದ್ದೊಂದು ಸಿಗುತ್ತದೆ, ಹಾಗಾಗಿ ಬೇರೆಯವರಿಗೂ ಉಪಯೋಗವಾಗಬಹುದು.

ಮೊದಲೇ ಹೇಳಿಬಿಡುತ್ತೇನೆ. ದರ್ಶಿನಿಯ ರುಚಿ ಅಡುಗೆ ಭಟ್ಟರ ಕೈಯಲ್ಲಿ ಎಷ್ಟಿದೆಯೋ ಗಡಿಯಾರದಲ್ಲೂ ಅಷ್ಟೇ ಇದೆ. ಬೆಳಗ್ಗೆ ಏಳೂವರೆಗೆ ನೀವು ನೋಡುವ ಹೋಟೆಲೇ ಬೇರೆ, ಸಂಜೆ ನಾಲ್ಕಕ್ಕೆ ನೋಡುವುದೇ ಬೇರೆ. ಬೆಳಗ್ಗೆ ಜನ ಮುಗಿಬಿದ್ದಿರುತ್ತಾರೆ. ಇಡ್ಲಿ ತಟ್ಟೆ ಒಲೆಯಿಂದ ಇಳಿದ ಐದು ನಿಮಿಷಕ್ಕೆ ಖಾಲಿ. ವಡೆ ಬಾಣಲೆಯಿಂದ ಜಾಲರಿಗೆ, ಜಾಲರಿಯಿಂದ ನೇರ ನಮ್ಮ ತಟ್ಟೆಗೆ. ಕಾಯಿ ಚಟ್ನಿ ಎರಡು ಮೂರು ಸಲ ಹೊಸದಾಗಿ ರುಬ್ಬಿ ಬರುತ್ತದೆ. ಯಾವುದಕ್ಕೂ ಹಳತಾಗಲು ಪುರುಸೊತ್ತೇ ಇಲ್ಲ. ಮಧ್ಯಾಹ್ನ ಮೂರರ ಮೇಲೆ ಅದೇ ವಡೆ ಗಾಜಿನ ಪೆಟ್ಟಿಗೆಯಲ್ಲಿ ಕೂತು ಚರ್ಮದ ಹಾಗೆ ಆಗಿರುತ್ತದೆ.

ಈ ಊರಿನಲ್ಲಿ ದರ್ಶಿನಿ ಎಂಬ ಹೆಸರು ಬಂದದ್ದು 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ತೆರೆದ ಕೆಫೆ ದರ್ಶಿನಿಯಿಂದ. ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು, ಕೌಂಟರಿನಲ್ಲಿ ನಾವೇ ತಟ್ಟೆ ಇಸಿದುಕೊಳ್ಳಬೇಕು, ಎತ್ತರದ ಮೇಜಿನ ಮುಂದೆ ನಿಂತು ತಿನ್ನಬೇಕು, ಅಡುಗೆಮನೆ ಎಲ್ಲರ ಕಣ್ಣಿಗೂ ಕಾಣಬೇಕು. ಕೊನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ನನ್ನ ದರ್ಶಿನಿಯಲ್ಲಿ ಕೌಂಟರಿನ ಎಡಗಡೆ ನಿಂತರೆ ಇಡ್ಲಿ ಮಾಡುವ ಜಾಗ ಪೂರ್ತಿ ಕಾಣುತ್ತದೆ. ಒದ್ದೆ ಬಿಳಿ ಬಟ್ಟೆ ಹಾಸಿ ಹಿಟ್ಟು ಹೊಯ್ಯುತ್ತಾರೆ. ಬೆಂದ ಮೇಲೆ ತಟ್ಟೆಯನ್ನು ಬೋರಲು ಹಾಕಿ, ಬಟ್ಟೆಯ ಬೆನ್ನಿಗೆ ಒಂದು ಹಿಡಿ ತಣ್ಣೀರು ಚಿಮುಕಿಸಿ, ಒಂದು ತುದಿಯಿಂದ ಮೆಲ್ಲಗೆ ಎಳೆದರೆ ಇಡ್ಲಿಗಳು ಒಂದೂ ಹರಿಯದೆ ಬಿಟ್ಟುಕೊಳ್ಳುತ್ತವೆ. ಇಡ್ಲಿಯ ಮೈಮೇಲೆ ಬಟ್ಟೆಯ ನೇಯ್ಗೆಯ ಗುರುತು ಇರುತ್ತದೆ. 2025ರ ಫೆಬ್ರವರಿಯಲ್ಲಿ, ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವವರ ವಿಷಯ ರಾಜ್ಯದ ಆರೋಗ್ಯ ಇಲಾಖೆಯೇ ಎತ್ತಿದಾಗ ಆಫೀಸಿನಲ್ಲಿ ಎಲ್ಲರೂ ಗಾಬರಿಯಾಗಿದ್ದರು. ನನಗೆ ಗಾಬರಿಯಾಗಲಿಲ್ಲ. ಇಷ್ಟು ವರ್ಷ ಆ ಬಟ್ಟೆಯನ್ನು ದಿನಾ ನೋಡಿದ್ದೆ. ಬಾಗಿಲ ಹಿಂದೆ ಅಡುಗೆ ಮಾಡುವ ದೊಡ್ಡ ಹೋಟೆಲಿನಲ್ಲಿ ಇಷ್ಟು ಧೈರ್ಯ ನನಗೆ ಬರುವುದಿಲ್ಲ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ಓದುತ್ತಿದ್ದರೆ ಅವರಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳೇ ಹೋಟೆಲಿಗೆ ಹೋಗಿ ಕೂರುವುದೆಂದರೆ ನನಗೆ ಬಹಳ ಸಂಕೋಚ. ‘ಫ್ಯಾಮಿಲಿ ರೂಮ್’ ಎಂದು ಬೋರ್ಡು ಹಾಕಿದ ಕಡೆ ಹೋದರೆ, ಒಬ್ಬರೇನಾ ಮೇಡಂ ಎಂದು ಕೇಳುತ್ತಿದ್ದರು. ದರ್ಶಿನಿಯಲ್ಲಿ ಯಾರೂ ಕೇಳಲಿಲ್ಲ. ಮೂಲೆಯ ಮೇಜಿಗೆ ತಟ್ಟೆ ಇಟ್ಟುಕೊಂಡು, ಪಕ್ಕದಲ್ಲಿ ನಿಂತ ಆಟೋ ಓಡಿಸುವವರು, ವಾಕಿಂಗ್ ಮುಗಿಸಿದ ಹಿರಿಯರು, ಕಾಲೇಜು ಹುಡುಗರ ನಡುವೆ ಹತ್ತು ನಿಮಿಷದಲ್ಲಿ ತಿಂದು ಬಸ್ಸು ಹಿಡಿಯುತ್ತಿದ್ದೆ. ಈ ಊರಿನಲ್ಲಿ ನಾನು ಮೊದಲು ನೆಮ್ಮದಿಯಾಗಿ ನಿಂತ ಜಾಗ ಅದು.

ಏನು ತಿನ್ನಬೇಕು? ಇಡ್ಲಿ ವಡೆ, ಕಣ್ಣು ಮುಚ್ಚಿಕೊಂಡು. ಸಾಂಬಾರಿನಲ್ಲಿ ಮುಳುಗಿಸಿ ಬೇಕಾದರೆ ‘ಡಿಪ್’ ಅನ್ನಿ, ನಾನು ಬೇರೆ ಬಟ್ಟಲಲ್ಲೇ ಹಾಕಿಸಿಕೊಳ್ಳುತ್ತೇನೆ, ವಡೆಯ ಗರಿ ಉಳಿಯಲಿ ಎಂದು. ಇಲ್ಲಿನ ಸಾಂಬಾರು ಬೆಂಗಳೂರಿನ ರೂಢಿಯಂತೆ ಸ್ವಲ್ಪ ಸಿಹಿ. ಬೆಲ್ಲ ಇಷ್ಟವಿಲ್ಲದವರು ಚಟ್ನಿಯಲ್ಲೇ ಮುಗಿಸಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರನ್ನೇ ಕೊಡುವುದಿಲ್ಲ, ಬರೀ ಚಟ್ನಿ, ಆದರೂ ಜನ ಕಾಯುತ್ತಾರೆ. ಚಟ್ನಿ ಸರಿಯಿದ್ದರೆ ಬೇರೇನೂ ಬೇಡ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಖಾರಾಬಾತ್ ಚೆನ್ನಾಗಿದೆ, ಕೇಸರಿಬಾತ್‌ಗೆ ಬಣ್ಣ ಜಾಸ್ತಿ. ರವೆ ಇಡ್ಲಿ ಇಲ್ಲಿ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್ ಹೋಟೆಲಿನವರು ಹುಟ್ಟುಹಾಕಿದ ತಿಂಡಿ ಎನ್ನುವ ಅದಕ್ಕೆ ತುಪ್ಪ, ಗೋಡಂಬಿ, ಒಳ್ಳೆಯ ಸಾಗು ಬೇಕು. ಇವರು ಮೂರರಲ್ಲೂ ಕೈ ಬಿಗಿ ಹಿಡಿಯುತ್ತಾರೆ.

ಮಸಾಲೆ ದೋಸೆ ಹೇಳುವ ಮುಂಚೆ ಕಾವಲಿ ನೋಡಿ. ನಮ್ಮ ದೋಸೆ ಭಟ್ಟರು ಪ್ರತಿ ಸಾಲು ದೋಸೆಗೂ ಮುಂಚೆ ನೀರು ಚೆಲ್ಲಿ ಪೊರಕೆಯಲ್ಲಿ ಗುಡಿಸುತ್ತಾರೆ. ನೀರು ಚೊಯ್ ಎಂದು ಹಬೆಯಾಗಿ, ಸದ್ದು ಅಡಗಿದ ಮೇಲೆಯೇ ಹಿಟ್ಟು. ಕಾವು ಇಳಿಯುವುದಕ್ಕೇ ಆ ನೀರು. ಬಿಸಿ ಹೆಚ್ಚಾದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಂಡು ಗಂಟಾಗುತ್ತದೆ. ಅವರ ರಜೆಯ ದಿನ ಬರುವ ಹುಡುಗ ಈ ಕೆಲಸ ಅವಸರದಲ್ಲಿ ಮುಗಿಸುತ್ತಾನೆ, ದೋಸೆ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ಆ ದಿನ ನಾನು ಇಡ್ಲಿಗೇ ಟೋಕನ್ ತೆಗೆದುಕೊಳ್ಳುತ್ತೇನೆ.

ಕಾಫಿ ಬಗ್ಗೆ ಎರಡೇ ಮಾತು. ಬೆಳಗ್ಗೆಯ ಮೊದಲ ಡಿಕಾಕ್ಷನ್ನಿನ ಕಾಫಿಗೆ ಸಮ ಇಲ್ಲ. ಹನ್ನೊಂದರ ಮೇಲೆ ಚಿಕೋರಿಯ ಕಹಿ ಮುಂದೆ ಬರುತ್ತದೆ, ‘ಸ್ಟ್ರಾಂಗ್, ಸಕ್ಕರೆ ಕಮ್ಮಿ’ ಎಂದು ಹೇಳಿದರೂ ಹಾಲೇ ಹೆಚ್ಚು.

ಈಗ ದೂರು. ಒಂದು ಬೇಸಿಗೆಯ ಮಧ್ಯಾಹ್ನ ಹಸಿವು ತಡೆಯಲಾರದೆ ಹೋಗಿದ್ದೆ. ಚಟ್ನಿ ಬಾಯಿಗಿಟ್ಟ ಕೂಡಲೇ ಹುಳಿ. ಅಂಚಿನಲ್ಲಿ ನೀರು ಬೇರೆಯಾಗಿ ನಿಂತಿತ್ತು, ಮೊದಲೇ ಗಮನಿಸಬೇಕಿತ್ತು. ಕ್ಯಾಷಿನಲ್ಲಿ ಹೇಳಿದರೆ, ‘ಬೆಳಗ್ಗೆಯಿಂದ ಯಾರೂ ಹೇಳಿಲ್ಲವಲ್ಲ ಮೇಡಂ’ ಎಂಬ ಉತ್ತರ. ಆ ಮಾತು ನನಗೆ ನಿಜಕ್ಕೂ ನೋವಾಯಿತು, ಅಷ್ಟು ವರ್ಷದ ಗಿರಾಕಿ ಸುಳ್ಳು ಹೇಳಲು ಬಂದಿರುವೆನೇ? ಕೌಂಟರಿನ ಹಿಂದೆ ನಿಂತಿದ್ದ ಸಪ್ಲೈಯರ್ ತಾನಾಗಿ ಬಂದು, ಬಟ್ಟಲು ಮೂಸಿ ನೋಡಿ, ಏನೂ ಮಾತಾಡದೆ ಚಟ್ನಿಯ ಪಾತ್ರೆಯನ್ನೇ ಒಳಗೆ ಎತ್ತಿಕೊಂಡು ಹೋದರು. ಮರುದಿನದಿಂದ ದೊಡ್ಡ ಪಾತ್ರೆಯ ಬದಲು ಸಣ್ಣ ಸ್ಟೀಲ್ ಡಬ್ಬಿಗಳು ಬಂದವು. ಕೇಳಬೇಕಾದವರು ಕೇಳಿಸಿಕೊಂಡರು ಎಂದು ಮತ್ತೆ ಹೋಗತೊಡಗಿದೆ. ಆದರೂ ಮಧ್ಯಾಹ್ನ ಇಂದಿಗೂ ಚಟ್ನಿ ಮುಟ್ಟುವುದಿಲ್ಲ.

ಕ್ಯೂ ಎಂಬುದು ಇಲ್ಲ, ಇದು ಮೊದಲ ದಿನದಿಂದಲೂ ಇರುವ ಬೇಸರ. ಕ್ಯಾಷಿನಲ್ಲಿ ಸಾಲು ಇರುತ್ತದೆ, ತಿಂಡಿ ಕೌಂಟರಿನಲ್ಲಿ ಕೈ ಚಾಚಿದವರಿಗೇ ಮೊದಲು. ವಯಸ್ಸಾದವರು ಟೋಕನ್ ಹಿಡಿದು ಹಿಂದೆಯೇ ನಿಂತಿರುತ್ತಾರೆ. ನೆಲದ ಮೇಲೆ ಒಂದು ಗೆರೆ ಎಳೆದರೆ ಸಾಕಿತ್ತು. ಇನ್ನು ಜನ ಹೆಚ್ಚಾದ ದಿನ ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿ ಇಡ್ಲಿ ಹಾಕುತ್ತಾರೆ, ತಟ್ಟೆ ತೊಳೆಯುವುದು ಉಳಿಯಲಿ ಎಂದು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ನಾನು ಪ್ರತಿ ಸಲ ‘ಹಾಳೆ ಬೇಡ ಅಣ್ಣ’ ಅನ್ನುತ್ತೇನೆ, ಬರೀ ಸ್ಟೀಲ್ ತಟ್ಟೆಯಲ್ಲಿ ಕೊಡುತ್ತಾರೆ. ನೀವೂ ಹೇಳಿ, ದಿನಕ್ಕೆ ಹತ್ತು ಜನ ಹೇಳಿದರೆ ಅವರೇ ನಿಲ್ಲಿಸಿಯಾರು.

ಬೆಲೆ ಏರಿದೆ. ಮೊದಮೊದಲು ಎಂಟು ರೂಪಾಯಿ ಕೊಟ್ಟು ಕುಡಿದ ಕಾಫಿಗೆ ಈಗ ಇಪ್ಪತ್ತು. ಹಾಲು, ಕಾಫಿಪುಡಿ, ಗ್ಯಾಸು ಎಲ್ಲವೂ ಏರಿರುವಾಗ ಇದಕ್ಕೆ ತಕರಾರು ಮಾಡಲಾರೆ. ಬೋರ್ಡಿನ ಬೆಲೆಯಲ್ಲೇ ಶೇ 5 ಜಿಎಸ್‌ಟಿ ಸೇರಿದೆ, ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ಅಚ್ಚಾಗಿರುತ್ತದೆ. ಒಂದು ದಿನ ನೆಟ್‌ವರ್ಕ್ ಇಲ್ಲದೆ ಫೋನಿನಲ್ಲಿ ದುಡ್ಡು ಹೋಗಲಿಲ್ಲ, ಪರ್ಸೂ ತಂದಿರಲಿಲ್ಲ. ‘ಬಿಸಿ ಆರೋಗುತ್ತೆ, ತಿನ್ನಿ ಮೇಡಂ, ನಾಳೆ ಕೊಡಿ’ ಎಂದರು. ಚಟ್ನಿಯ ದಿನ ಹಾಗೆ ಮಾತಾಡಿದ್ದವರೇ.

ಅಮ್ಮನನ್ನು ಈಗ ಕರೆದುಕೊಂಡು ಹೋಗಲಾಗುವುದಿಲ್ಲ. ಮಂಡಿ ನೋವು, ನಿಲ್ಲಲಾರರು. ಇರುವುದು ಗೋಡೆ ಬದಿಯ ನಾಲ್ಕು ಕುರ್ಚಿ, ಅವುಗಳಲ್ಲಿ ಬ್ಯಾಗುಗಳೇ ಕೂತಿರುತ್ತವೆ. ಹಿರಿಯರಿಗೆ ಎಂದು ಎರಡನ್ನಾದರೂ ಮೀಸಲಿಡಿ ಎಂದು ಮೂರು ಸಲ ಹೇಳಿದ್ದೇನೆ, ಆಗಿಲ್ಲ. ಅಲ್ಲಿಯವರೆಗೆ ಭಾನುವಾರ ಪಾರ್ಸೆಲ್ ತರುತ್ತೇನೆ. ಮನೆಯಿಂದ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋದರೆ ಪಾರ್ಸೆಲ್ ಚಾರ್ಜ್ ಹಾಕುವುದಿಲ್ಲ. ವಡೆಗೆ ಬೇರೆ ಡಬ್ಬಿ ಇರಲಿ, ಮುಚ್ಚಳ ಸ್ವಲ್ಪ ತೆರೆದಿಡಿ. ಇಲ್ಲದಿದ್ದರೆ ಇಡ್ಲಿಯ ಹಬೆಗೆ ಮನೆ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ.